ಸಲಾಯಿನ್ ಬಾಟಲಿ ಮತ್ತು ನೀರಿನ ಲೆಕ್ಕದ ಹಾಳೆ



ಧಾರವಾಡದಲ್ಲಿ ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ಏಕೀಕರಣ, ಹೆಚ್ಚೆಂದರೆ ಒಕ್ಕಲುತನ. ನರ್ಸಿಂಗ್ ಕಲಿಸಿ ನಿವೃತ್ತಳಾದವಳನ್ನು ಕರೆದು, ವಾಂತಿ-ಭೇದಿ-ಮೂತ್ರಗಳ ಬಗ್ಗೆ ಒಂದು ತಾಸು ಮಾತಾಡಿ ಎಂದ ಸಂಘಟಕರ ಧೈರ್ಯಕ್ಕೆ ಮೊದಲ ನಮಸ್ಕಾರ. ವಿಷಯವನ್ನು ಅವರೇ ಕೊಟ್ಟಿದ್ದಾರೆ: ದೇಹದಲ್ಲಿ ನೀರು ಮತ್ತು ಲವಣಗಳು ಏರುಪೇರಾದ ರೋಗಿಗಳ ಶುಶ್ರೂಷೆ. ಪಠ್ಯಪುಸ್ತಕದಲ್ಲಿ ಇದು ದೊಡ್ಡ ಅಧ್ಯಾಯ, ಕೋಷ್ಟಕಗಳೇ ಹತ್ತಾರು. ಅವನ್ನು ಇಲ್ಲಿ ಒಪ್ಪಿಸುವುದಿಲ್ಲ. ನನಗೆ ಹೇಳಲಿಕ್ಕಿರುವುದು ಒಂದು ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ರೋಗಿಯ ಮಂಚಕ್ಕೆ ಎರಡು ವಸ್ತು ತೂಗಿರುತ್ತವೆ. ತಲೆಯ ಕಡೆ ಬಾಟಲಿ, ಕಾಲಿನ ಕಡೆ ಒಂದು ಹಾಳೆ. ಬಂದವರೆಲ್ಲ ಬಾಟಲಿ ನೋಡುತ್ತಾರೆ. ರೋಗಿ ಉಳಿಯುವುದೂ ಅಳಿಯುವುದೂ ಬಹಳ ಸಲ ಆ ಹಾಳೆಯ ಮೇಲೆ ನಿಂತಿರುತ್ತದೆ, ಮತ್ತು ಆ ಹಾಳೆ ಬರೆಯುವವಳು ನರ್ಸ್.

ಬಾಟಲಿಯ ಮಾತು ಮೊದಲು ಮುಗಿಸೋಣ. "ಸಿಸ್ಟರ್ರ, ನಮ್ಮವ್ವಗ ಭಾಳ ನಿಶ್ಶಕ್ತಿ ಆಗೇತ್ರಿ, ಒಂದ್ ಸಲಾಯಿನ್ ಹಚ್ರಿ." ಈ ಮಾತನ್ನು ಕೇಳದ ದಿನ ನಮ್ಮ ಭಾಗದ ಯಾವ ದವಾಖಾನೆಯಲ್ಲೂ ಕಳೆಯುವುದಿಲ್ಲ. ಹಳ್ಳಿಯಿಂದ ಬಂದವರಿಗೆ ಬಾಟಲಿ ಹಚ್ಚದೆ ಕಳಿಸಿದರೆ ಡಾಕ್ಟರು ಏನೂ ಮಾಡಲಿಲ್ಲ ಎಂದೇ ಅರ್ಥ. ಆ ಬಾಟಲಿಯಲ್ಲಿ ಏನಿದೆ? ಗ್ಲುಕೋಸ್ ಬಾಟಲಿ ಎನ್ನುವ 500 ಮಿಲಿಲೀಟರಿನ 5% ಡೆಕ್ಸ್ಟ್ರೋಸ್‌ನಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರ ಶಕ್ತಿ ನೂರು ಕ್ಯಾಲೊರಿ ಮೀರುವುದಿಲ್ಲ. ನಮ್ಮ ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಶಕ್ತಿ ಇದೆ, ಜೊತೆಗೆ ಪಲ್ಯವನ್ನೂ ತಿನ್ನಬಹುದು. ನಾರ್ಮಲ್ ಸಲೈನ್ ಎಂಬುದರಲ್ಲಿ ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಉಳಿದದ್ದು ನೀರು. ಬಾಯಿಂದ ಕುಡಿಯಲು ಬರುವವನಿಗೆ, ವಾಂತಿ ಇಲ್ಲದವನಿಗೆ, ಇದನ್ನು ನರದ ಮೂಲಕ ಕೊಡುವುದರಿಂದ ಹೆಚ್ಚಿಗೆ ಸಿಗುವುದು ಸೂಜಿ ಚುಚ್ಚಿದ ನೋವು, ಕೆಲವೊಮ್ಮೆ ಕೀವು, ಮತ್ತು ಬಿಲ್ಲು.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. 60 ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರು. ಅದರಲ್ಲಿ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗೆ, ಉಳಿದ ಒಂದು ಪಾಲು ಹೊರಗೆ. ಹೊರಗಿನದರಲ್ಲೂ ರಕ್ತನಾಳಗಳೊಳಗೆ ಹರಿಯುವುದು ಮೂರು ಲೀಟರ್ ಮಾತ್ರ. ಒಂದು ಲೀಟರ್ ಸಲೈನ್ ಏರಿಸಿದರೆ ಸ್ವಲ್ಪ ಹೊತ್ತಿನಲ್ಲಿ ರಕ್ತನಾಳದಲ್ಲಿ ಉಳಿಯುವುದು ಕಾಲು ಲೀಟರಿನಷ್ಟು. ಅದೇ ಒಂದು ಲೀಟರ್ 5% ಡೆಕ್ಸ್ಟ್ರೋಸ್ ಆದರೆ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಬಿಪಿ ಬಿದ್ದವನಿಗೆ ಗ್ಲುಕೋಸ್ ಹಚ್ಚಿ ಕುಳಿತರೆ ಏನಾಗುತ್ತದೆ ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳೇ ಹೇಳಲಿ.

ಈಗ ಒಂದು ಹಳೆಯ ಕಥೆ. 1832ರಲ್ಲಿ ಬ್ರಿಟನ್ನಿನಲ್ಲಿ ಕಾಲರಾ ಹರಡಿತ್ತು. ಅದು ಗಂಗೆಯ ಮುಖಜ ಭೂಮಿಯಿಂದ ಹೊರಟು ಲೋಕ ಸುತ್ತಿದ ರೋಗ. ವಿಲಿಯಂ ಬ್ರೂಕ್ ಓ'ಶಾನೆಸಿ ಎಂಬ ಇಪ್ಪತ್ತರ ಹರೆಯದ ವೈದ್ಯ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಇದರಲ್ಲಿ ನೀರೂ ಕಡಿಮೆಯಾಗಿದೆ, ಲವಣವೂ ಕಡಿಮೆಯಾಗಿದೆ, ಹೋದದ್ದನ್ನು ತಿರುಗಿ ತುಂಬಿಸಬೇಕು ಎಂದು ಬರೆದ. (ಈತನೇ ಮುಂದೆ ಕಲ್ಕತ್ತೆಗೆ ಬಂದು ಭಾರತಕ್ಕೆ ತಂತಿ ಹಾಕಿಸಿದವನು. ಟೆಲಿಗ್ರಾಂ ಕಳಿಸಿದ ಪೀಳಿಗೆಯವರು ಸಲಾಯಿನ್‌ಗೂ ಅವನನ್ನೇ ನೆನೆಯಬಹುದು.) ಅವನ ಬರಹವನ್ನು ಓದಿದ ಸ್ಕಾಟ್ಲೆಂಡಿನ ಲೀತ್ ಊರಿನ ವೈದ್ಯ ಥಾಮಸ್ ಲಾಟಾ ಅದನ್ನು ಮಾಡಿಯೇ ಬಿಟ್ಟ. ಅವನ ಮೊದಲ ರೋಗಿ ಒಬ್ಬ ಮುದುಕಿ. ಕಣ್ಣು ಗುಳಿ ಬಿದ್ದು, ನಾಡಿ ಸಿಗದೆ, ಮೈ ತಣ್ಣಗಾಗಿ ಮಲಗಿದ್ದಳು. ಲಾಟಾ ಅವಳ ನರಕ್ಕೆ ನಳಿಗೆ ಸೇರಿಸಿ ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಹೋದ. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಉಸಿರು ಸರಾಗವಾಯಿತು, ಕಣ್ಣಿಗೆ ಹೊಳಪು ಬಂತು, ನಾಡಿ ಮರಳಿತು, ಕೈಕಾಲು ಬೆಚ್ಚಗಾದವು. ಸುಮಾರು ಅರ್ಧ ತಾಸಿನಲ್ಲಿ ಆರು ಪಿಂಟ್, ಅಂದರೆ ಮೂರು ಲೀಟರಿಗೂ ಮೀರಿ ಒಳಗೆ ಹೋಗಿತ್ತು. ಮುದುಕಿ ತಾನು ಆರಾಮಾಗಿದ್ದೇನೆ ಎಂದಳು. ಇವಳಿಗೆ ಈಗ ನಿದ್ದೆಯೊಂದೇ ಬೇಕು ಎಂದುಕೊಂಡ ಲಾಟಾ ಅವಳನ್ನು ಆಸ್ಪತ್ರೆಯವರ ವಶಕ್ಕೆ ಬಿಟ್ಟು ಹೊರಟುಹೋದ.

ಅವನು ಹೋದ ಸ್ವಲ್ಪ ಹೊತ್ತಿಗೇ ವಾಂತಿ-ಭೇದಿ ಮರುಕಳಿಸಿದವು. ಯಾರೂ ಅವನಿಗೆ ಹೇಳಿಕಳಿಸಲಿಲ್ಲ. ಯಾರೂ ಎರಡನೆಯ ಸಲ ನೀರು ಏರಿಸಲಿಲ್ಲ. ಐದೂವರೆ ತಾಸಿನಲ್ಲಿ ಆಕೆ ತೀರಿಕೊಂಡಳು. ಲಾಟಾ ತಾನೇ ಇದನ್ನು ಬರೆದು ಕಳಿಸಿದ, 'ಲ್ಯಾನ್ಸೆಟ್' ಪತ್ರಿಕೆ ಅಚ್ಚು ಹಾಕಿತು.

ವೈದ್ಯಕೀಯ ಇತಿಹಾಸದ ಪುಸ್ತಕಗಳು ಈ ಪ್ರಸಂಗವನ್ನು ಸಲೈನಿನ ಹುಟ್ಟು ಎಂದು ಹೇಳಿ ಮುಂದೆ ಹೋಗುತ್ತವೆ. ನಾನು ಇದನ್ನು ಪ್ರತಿ ವರ್ಷ ಮೊದಲನೇ ವರ್ಷದ ತರಗತಿಯಲ್ಲಿ ಹೇಳುತ್ತಿದ್ದೆ, ಬೇರೆ ಕಾರಣಕ್ಕೆ. ಚಿಕಿತ್ಸೆ ಸರಿ ಇತ್ತು, ದ್ರವವೂ ಹೆಚ್ಚುಕಡಿಮೆ ಸರಿ ಇತ್ತು, ಕೈಯೂ ಪಳಗಿದ್ದಿತು. ಆ ಐದೂವರೆ ತಾಸು ಮಂಚದ ಬಳಿ ಕುಳಿತು, ಎಷ್ಟು ಹೊರಗೆ ಹೋಯಿತು ಎಂದು ಅಳೆದು, "ಡಾಕ್ಟ್ರ, ಮತ್ತ ಶುರುವಾಗೇತಿ, ಬರ್ರಿ" ಎನ್ನುವವಳು ಇರಲಿಲ್ಲ. ಆಧುನಿಕ ನರ್ಸಿಂಗ್ ಕಟ್ಟಿದ ಫ್ಲಾರೆನ್ಸ್ ನೈಟಿಂಗೇಲಳಿಗೆ ಆಗ ಹನ್ನೆರಡು ವರ್ಷ.

ಆ ಕೊರತೆಯನ್ನು ತುಂಬಲು ಬಂದದ್ದೇ ನಮ್ಮ ಐ-ಓ ಚಾರ್ಟ್: ಒಳಗೆ ಹೋದದ್ದು, ಹೊರಗೆ ಬಂದದ್ದು. ಕೇಳಲು ಕಿರಾಣಿ ಅಂಗಡಿಯ ಜಮಾ-ಖರ್ಚಿನ ಹಾಗಿದೆ, ಆದರೆ ಇದರಷ್ಟು ಸುಳ್ಳು ಬರೆಸಿಕೊಂಡ ಕಾಗದ ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ. "ಮೂತ್ರ: ಹೋಗಿದೆ." ಎಷ್ಟು? "ಊಟ: ಸಾಧಾರಣ." ಅದೇನು? ರಾತ್ರಿ ಡ್ಯೂಟಿಯ ಎಂಟು ತಾಸಿನ ಅಂಕಿಗಳನ್ನು ಬೆಳಗಿನ ಆರಕ್ಕೆ ಒಂದೇ ಪೆನ್ನಿನಲ್ಲಿ ಒಂದೇ ಓಟಕ್ಕೆ ತುಂಬಿದ ಹಾಳೆಯನ್ನು ದೂರದಿಂದಲೇ ಗುರುತಿಸಬಹುದು, ಅಂಕಿಗಳೆಲ್ಲ ಐವತ್ತು, ನೂರು, ಇನ್ನೂರು. ಮನುಷ್ಯ ಅಷ್ಟು ದುಂಡಾಗಿ ಉಚ್ಚೆ ಹೊಯ್ಯುವುದಿಲ್ಲ.

ಸರಿಯಾದ ಹಾಳೆ ಎಂದರೆ ಏನು? ಬಾಟಲಿಯಿಂದ ಹೋದದ್ದಷ್ಟೇ ಒಳಗೆ ಹೋದದ್ದಲ್ಲ. ಕುಡಿಸಿದ ಗಂಜಿ, ಮಜ್ಜಿಗೆ, ಚಹಾ, ಮೂಗಿನ ನಳಿಗೆಯಲ್ಲಿ ಹಾಕಿದ್ದು, ಇಂಜೆಕ್ಷನ್ ಕರಗಿಸಲು ಬಳಸಿದ ನೂರು ಮಿಲಿ ಸಲೈನ್, ಎಲ್ಲವೂ ಸೇರಬೇಕು. ಹೊರಗೆ ಬಂದದ್ದರಲ್ಲಿ ಮೂತ್ರ, ವಾಂತಿ, ಭೇದಿ, ಡ್ರೇನ್ ನಳಿಗೆ, ಒದ್ದೆಯಾದ ಡ್ರೆಸ್ಸಿಂಗ್. ಅಳೆಯಲಾಗದ್ದೂ ಇದೆ: ಉಸಿರಿನಲ್ಲಿ, ಚರ್ಮದಿಂದ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಹೋಗುತ್ತದೆ, ಜ್ವರ ಏರಿದಂತೆ ಅದೂ ಏರುತ್ತದೆ. ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ, ಫ್ಯಾನಿಲ್ಲದ ವಾರ್ಡಿನಲ್ಲಿ, ಎಷ್ಟು ಹೋಗುತ್ತದೆ ಎಂದು ಯಾವ ಕೋಷ್ಟಕವೂ ಹೇಳದು. ಅದಕ್ಕೇ ತೂಕದ ಯಂತ್ರ ಬೇಕು. ದಿನಾ ಒಂದೇ ಹೊತ್ತಿಗೆ, ಒಂದೇ ಬಟ್ಟೆಯಲ್ಲಿ, ಮೂತ್ರ ಹೋಗಿ ಬಂದ ಮೇಲೆ ತೂಗಿದರೆ, ಒಂದು ದಿನದಲ್ಲಿ ಒಂದು ಕಿಲೋ ಏರಿತು ಅಥವಾ ಇಳಿಯಿತು ಎಂದರೆ ಅದು ಒಂದು ಲೀಟರ್ ನೀರು. ಮಾಂಸ, ಕೊಬ್ಬು ಒಂದೇ ರಾತ್ರಿಯಲ್ಲಿ ಅಷ್ಟು ಬದಲಾಗುವುದಿಲ್ಲ. ತೂಕವೂ ಚಾರ್ಟೂ ಹೊಂದದಿದ್ದರೆ ನಾನು ತೂಕವನ್ನು ನಂಬುತ್ತೇನೆ.

ಬಾಂಗ್ಲಾದೇಶದ ಢಾಕಾದ ಕಾಲರಾ ಆಸ್ಪತ್ರೆಯಲ್ಲಿ ಒಂದು ಮಂಚವಿದೆ. ನಡುವೆ ತೂತು, ಕೆಳಗೆ ಬಕೆಟ್. ಕಾಲರಾ ರೋಗಿಗೆ ಏಳಲು ತ್ರಾಣವಿರುವುದಿಲ್ಲ, ಮಲಗಿದಲ್ಲೇ ಹೋಗುತ್ತದೆ, ಬಕೆಟ್ಟಿನಲ್ಲಿ ಬಿದ್ದದ್ದನ್ನು ಅಳತೆಕಡ್ಡಿಯಿಂದ ಅಳೆದು ಅಷ್ಟನ್ನೇ ತಿರುಗಿ ಕೊಡುತ್ತಾರೆ. ನೋಡಲು ಅಸಹ್ಯ. ಆದರೆ ರೋಗಿಯನ್ನು ಅಳೆದು ನೋಡಿಕೊಳ್ಳಲು ಇದಕ್ಕಿಂತ ಪ್ರಾಮಾಣಿಕವಾದ ಸಾಧನ ನನಗೆ ಗೊತ್ತಿಲ್ಲ.

ಕಾಲರಾ ಹಳೆಯ ಮಾತಾಯಿತು ಎನ್ನುವವರಿಗೆ ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಲ್ಲಿಯನ್ನೇ ತೋರಿಸುತ್ತೇನೆ. ಸವದತ್ತಿ ಬಳಿಯ ಮಲಪ್ರಭೆಯ ರೇಣುಕಾಸಾಗರ ಮತ್ತು ಕಲಘಟಗಿ ಕಡೆಯ ನೀರಸಾಗರಗಳಿಂದ ಬರುವ ನೀರು ನಮ್ಮ ಬಹಳಷ್ಟು ಓಣಿಗಳಿಗೆ ಎಷ್ಟೋ ದಿನಕ್ಕೊಮ್ಮೆ ಬರುತ್ತಿದ್ದುದು ಎಲ್ಲರಿಗೂ ಗೊತ್ತು. ನೀರು ಬರುವ ದಿನ ಮದುವೆ ಮನೆಯ ಗಡಿಬಿಡಿ. 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡುವ ಪ್ರಾಯೋಗಿಕ ಯೋಜನೆ ಬಂತು. ಒಂದೇ ಊರು, ಎರಡು ಬಗೆಯ ಪೂರೈಕೆ. ಇಂಥ ಅವಕಾಶ ವಿಜ್ಞಾನಿಗಳಿಗೆ ಸುಮ್ಮನೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಸಂಶೋಧಕರು ಬಂದರು. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟುಬಿಟ್ಟು ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಶೇ. 31.7ರಲ್ಲಿ ಇ-ಕೋಲಿ, ಅಂದರೆ ಮಲದ ಗುರುತಿನ ಬ್ಯಾಕ್ಟೀರಿಯಾ ಸಿಕ್ಕಿತು. ನಿರಂತರ ಪೂರೈಕೆಯ ನಲ್ಲಿಗಳಲ್ಲಿ ಶೇ. 0.7ರಲ್ಲಿ ಮಾತ್ರ. ಕಾರಣ ಸರಳ. ಪೈಪಿನಲ್ಲಿ ನೀರಿನ ಒತ್ತಡ ಇಲ್ಲದಾಗ ಬಿರುಕಿನಿಂದ ಪಕ್ಕದ ಗಟಾರ ಒಳಗೆ ಬರುತ್ತದೆ, ಮುಂದಿನ ಸಲ ನೀರು ಬಿಟ್ಟಾಗ ಅದೇ ನಮ್ಮ ಕೊಡಕ್ಕೆ ಬೀಳುತ್ತದೆ.

ಅದರ ಬೆನ್ನಿಗೇ ಇನ್ನೊಂದು ಅಧ್ಯಯನ, ಆಯ್ಶೆ ಎರ್ಜುಮೆನ್ ಮತ್ತು ಸಂಗಡಿಗರದು, 2015ರಲ್ಲಿ ಬಂದದ್ದು. ಇಲ್ಲಿಯ 3,922 ಮನೆಗಳನ್ನು ಹಿಂಬಾಲಿಸಿದ ಕೆಲಸ. 24 ತಾಸು ನೀರು ಬಂದರೆ ಭೇದಿ ನಿಂತೇಹೋಗುತ್ತದೆ ಎಂಬ ನಿರೀಕ್ಷೆ ನಿಜವಾಗಲಿಲ್ಲ. ಒಟ್ಟಾರೆ ಮಕ್ಕಳ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡವರ ಮನೆಗಳಲ್ಲಿ ಎರಡು ವರ್ಷದೊಳಗಿನ ಕೂಸುಗಳಿಗೆ ರಕ್ತಭೇದಿ ಕಡಿಮೆಯಾಗಿತ್ತು, ಮತ್ತು ಟೈಫಾಯ್ಡ್ ಕಂಡ ಮನೆಗಳು ಶೇ. 42ರಷ್ಟು ಕಡಿಮೆ ಇದ್ದವು. ಈ ಅರೆಬರೆ ಉತ್ತರವೇ ನನಗೆ ಇಷ್ಟ. ಪೈಪು ಸರಿಯಾದರೂ ಕೂಸಿನ ಹೊಟ್ಟೆ ಜಾಡಿಸುವುದು ನಿಲ್ಲುವುದಿಲ್ಲ. ಕೈ, ಕೊಡ, ಹಾಲಿನ ಬಾಟಲಿ, ಬಚ್ಚಲು ಎಲ್ಲ ಇವೆ. ಭೇದಿಯ ಕೂಸುಗಳು ನಮ್ಮ ವಾರ್ಡಿಗೆ ಬರುತ್ತಲೇ ಇರುತ್ತವೆ.

ಬಂದ ಕೂಸಿನ ನೆತ್ತಿ ಕುಳಿ ಬಿದ್ದಿರುತ್ತದೆ. ಅಜ್ಜಿ ಅದಕ್ಕೆ ಔಡಲೆಣ್ಣೆ ತಟ್ಟಿ ತಂದಿರುತ್ತಾಳೆ. ಅಜ್ಜಿಯನ್ನು ಬೈಯಬೇಡಿ. ನೆತ್ತಿ ಕುಸಿದದ್ದನ್ನು ಗುರುತಿಸಿದವಳು ಅವಳೇ, ಅವಳ ಕಣ್ಣು ಸರಿಯಾಗಿದೆ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ, ಕಣ್ಣು ಗುಳಿಬಿದ್ದು ಕೂಸು ಮಂಕಾಗಿ ಕುಡಿಯಲಾರದೆ ಮಲಗಿದ್ದರೆ, ಆಗ ಸಲೈನ್ ಬೇಕು, ಕೂಡಲೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಕಿಲೋ ತೂಕಕ್ಕೆ 100 ಮಿಲಿ: ವರ್ಷದೊಳಗಿನ ಕೂಸಿಗೆ ಮೊದಲ ಒಂದು ತಾಸಿನಲ್ಲಿ 30, ಮುಂದಿನ ಐದು ತಾಸಿನಲ್ಲಿ 70. ಆದರೆ ಕೂಸು ಚಡಪಡಿಸುತ್ತಿದೆ, ಅಳುತ್ತದೆ, ನೀರು ಕಂಡರೆ ಕೈಚಾಚಿ ಗಟಗಟ ಕುಡಿಯುತ್ತದೆ ಎಂದರೆ ಬಾಟಲಿ ಬೇಡ. ನಾಲ್ಕು ತಾಸಿನಲ್ಲಿ ಕಿಲೋಗೆ 75 ಮಿಲಿ ಓಆರ್‌ಎಸ್, ಅಂದರೆ ಸಕ್ಕರೆ-ಲವಣಗಳ ನೀರು, ಚಮಚದಿಂದ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ. ನಾಲ್ಕು ತಾಸು ಚಮಚ ಹಿಡಿದು ಕೂರುವವರು ಯಾರು? ತಾಯಿ. ಅವಳಿಗೆ ಕಲಿಸುವವರು ಯಾರು? ಇದು ಸಣ್ಣ ಕೆಲಸವೆಂದು ತಿಳಿದವರು 1971ನ್ನು ನೆನೆಯಬೇಕು.

ಆ ವರ್ಷ ಪೂರ್ವ ಬಂಗಾಳದಿಂದ ನಿರಾಶ್ರಿತರು ಗಡಿ ದಾಟಿ ಬರುತ್ತಿದ್ದರು. ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ, ಒಬ್ಬರ ವಾಂತಿಯಲ್ಲಿ ಇನ್ನೊಬ್ಬರು ಮಲಗಿದ್ದರು. ಡಾ. ದಿಲೀಪ್ ಮಹಾಲನಬೀಸ್ ಅಲ್ಲಿದ್ದರು. ಸಲೈನ್ ಮುಗಿಯುತ್ತ ಬಂತು. ಸಕ್ಕರೆಯ ಜೊತೆ ಸೋಡಿಯಂ ಕೂಡಿದರೆ ಕರುಳು ನೀರನ್ನು ಹೀರಿಕೊಳ್ಳುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಗೊತ್ತಾಗಿತ್ತು, ಢಾಕಾ-ಕಲ್ಕತ್ತೆಗಳಲ್ಲಿ ಆಸ್ಪತ್ರೆಯೊಳಗೆ ಪರೀಕ್ಷೆಯೂ ಆಗಿತ್ತು. ಇದನ್ನು ತರಬೇತಿ ಇಲ್ಲದವರ ಕೈಗೆ ಕೊಡಬಾರದು ಎಂಬುದು ಆಗಿನ ದೊಡ್ಡವರ ಅಭಿಪ್ರಾಯ. ಮಹಾಲನಬೀಸ್ ಲೀಟರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಹಾಕಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕರಗಿಸಿಟ್ಟು, ರೋಗಿಗಳ ಮನೆಯವರಿಗೇ ಕುಡಿಸಲು ಹಚ್ಚಿದರು. ಹತ್ತರಲ್ಲಿ ಮೂವರು ಸಾಯುತ್ತಿದ್ದಲ್ಲಿ ಸಾವು ಶೇ. 3.6ಕ್ಕೆ ಇಳಿಯಿತು. 1978ರಲ್ಲಿ 'ಲ್ಯಾನ್ಸೆಟ್' ಈ ಚಿಕಿತ್ಸೆಯನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಹುದು ಎಂದಿತು. ನಮ್ಮ ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

ಇಂದಿನ ಪೊಟ್ಟಣ 20.5 ಗ್ರಾಂ, ಒಂದು ಲೀಟರಿಗೆ. ಲೀಟರ್ ಅಳೆಯಲು ಮನೆಯಲ್ಲಿ ಪಾತ್ರೆ ಇಲ್ಲ ಎನ್ನುವವರು ಮಾರುವ ನೀರಿನ ಒಂದು ಲೀಟರ್ ಖಾಲಿ ಬಾಟಲಿಯನ್ನು ತೊಳೆದು ಇಟ್ಟುಕೊಳ್ಳಿ. ಇಡೀ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸುವವರಿದ್ದಾರೆ. ಅದು ಔಷಧವಾಗುವ ಬದಲು ಕೂಸಿನ ರಕ್ತದಲ್ಲಿ ಸೋಡಿಯಂ ಏರಿಸಿ ಫಿಟ್ಸ್ ತರಿಸಬಹುದು. ಇನ್ನು ಬಣ್ಣದ ಡಬ್ಬಿಗಳಲ್ಲಿ ಬರುವ ಸಿಹಿ ಪಾನೀಯಗಳು. ಹೆಸರಿನಲ್ಲಿ ಓಆರ್‌ಎಸ್ ಎಂದು ಬರೆದುಕೊಂಡು ಔಷಧದಂಗಡಿಯಲ್ಲೇ ಕುಳಿತಿದ್ದವು. ಸಕ್ಕರೆ ಹೆಚ್ಚು, ಲವಣ ಕಡಿಮೆ, ಭೇದಿ ಇನ್ನಷ್ಟು ಜೋರಾಗಲು ಅನುಕೂಲ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ಬೆನ್ನು ಹತ್ತಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರನ್ನು ಪಾನೀಯಗಳ ಮೇಲೆ ಬಳಸಬಾರದೆಂದು ಆದೇಶಿಸಿತು. ಅಂಗಡಿಯಲ್ಲಿ ಕೊಳ್ಳುವಾಗ ಹಿಂಬದಿಯನ್ನು ಓದಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡಿ.

ನೀರು ಕೊಡುವುದನ್ನು ಕಲಿಸುವುದು ಸುಲಭ, ನಿಲ್ಲಿಸುವುದನ್ನು ಕಲಿಸುವುದು ಕಷ್ಟ. ಡೆಂಗಿಯನ್ನೇ ನೋಡಿ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ಎಂದು ಘೋಷಿಸಬೇಕಾಯಿತು. ಜ್ವರ ಇಳಿದ ದಿನ ಮನೆಯವರು ನಿಟ್ಟುಸಿರು ಬಿಡುತ್ತಾರೆ, ಅನುಭವಿ ಸಿಸ್ಟರ್ ಅಂದೇ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ರಕ್ತನಾಳಗಳಿಂದ ನೀರು ಸೋರುವುದು ಆ ಒಂದೆರಡು ದಿನಗಳಲ್ಲೇ. ಹೊಟ್ಟೆನೋವು, ಬಿಡದ ವಾಂತಿ, ತಣ್ಣನೆಯ ಕೈ, ಕಿರಿದಾಗುತ್ತ ಹೋಗುವ ಬಿಪಿಯ ಅಂತರ, ಇವನ್ನು ಕಾಯಬೇಕು. ಮುಂದಿನ ಎರಡು ದಿನಗಳಲ್ಲಿ ಸೋರಿದ್ದೆಲ್ಲ ತಾನಾಗಿ ರಕ್ತಕ್ಕೆ ಮರಳುತ್ತದೆ. ಆಗಲೂ ಹಳೆಯ ಆರ್ಡರಿನ ಪ್ರಕಾರ ಬಾಟಲಿ ಹನಿಯುತ್ತಿದ್ದರೆ ನೀರು ಶ್ವಾಸಕೋಶಕ್ಕೆ ನಿಲ್ಲುತ್ತದೆ. ಆಫ್ರಿಕಾದ ಆಸ್ಪತ್ರೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ತೀವ್ರ ಜ್ವರದ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಬಂದ ಕೂಡಲೇ ರಭಸದಿಂದ ಸಲೈನ್ ಕೊಟ್ಟ ಮಕ್ಕಳಲ್ಲಿ 48 ತಾಸಿನೊಳಗೆ ಸತ್ತವರು ಶೇ. 10.5, ಹಾಗೆ ಕೊಡದ ಮಕ್ಕಳಲ್ಲಿ ಶೇ. 7.3. ಭೇದಿಯ ಮಕ್ಕಳನ್ನು ಅದರಲ್ಲಿ ಸೇರಿಸಿರಲಿಲ್ಲ ಎಂಬುದನ್ನು ಮರೆಯಬೇಡಿ. ಆದರೂ ಬಾಟಲಿ ಹಚ್ಚಿದರೆ ಕೇಡೇನು ಎಂಬ ಪ್ರಶ್ನೆಗೆ ಅದು ಉತ್ತರ.

ಹನಿಯ ವೇಗದ ಲೆಕ್ಕವನ್ನು ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಒಮ್ಮೆ ಹೇಳುತ್ತೇನೆ. 500 ಮಿಲಿ ನಾಲ್ಕು ತಾಸಿನಲ್ಲಿ ಹೋಗಬೇಕು, ಸೆಟ್ ಮಿಲಿಗೆ 20 ಹನಿಯದು: ಹತ್ತು ಸಾವಿರ ಹನಿ, 240 ನಿಮಿಷ, ನಿಮಿಷಕ್ಕೆ 42. ರೋಗಿ ಕೈ ಮಡಚಿದರೆ ಅದು 20 ಆಗುತ್ತದೆ, ಸಂಬಂಧಿಕರು "ಜಲ್ದಿ ಮುಗೀಲಿ" ಎಂದು ಗಾಲಿ ತಿರುಗಿಸಿದರೆ 120. ಆದ್ದರಿಂದ ಒಮ್ಮೆ ಎಣಿಸಿದರೆ ಸಾಲದು.

ಇನ್ನು ಲವಣಗಳು. ಎಲ್ಲವನ್ನೂ ಹೇಳುವುದಿಲ್ಲ, ಕ್ಯಾಲ್ಸಿಯಂ ಬಿಡುತ್ತೇನೆ. ಥೈರಾಯ್ಡ್ ಆಪರೇಶನ್ ಆದವರಿಗೆ ಬಿಪಿ ಪಟ್ಟಿ ಬಿಗಿದಾಗ ಕೈ ಸೆಡೆತುಕೊಂಡರೆ ಡಾಕ್ಟರಿಗೆ ಓಡಿ ಹೇಳಿ, ಅಷ್ಟು ಸಾಕು. ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಬಗ್ಗೆ ನಿಂತು ಮಾತಾಡಬೇಕು, ಏಕೆಂದರೆ ಅವೆರಡೂ ನಿಜಕ್ಕೂ ನರ್ಸಿನ ಕೈಯಲ್ಲಿವೆ.

ಪೊಟ್ಯಾಸಿಯಂ ಕ್ಲೋರೈಡಿನ ಹತ್ತು ಮಿಲಿ ಆಂಪೂಲಿನಲ್ಲಿ 20 ಮಿಲಿಇಕ್ವಿವಲೆಂಟ್ ಇರುತ್ತದೆ. ಇದನ್ನು ನೇರ ನರಕ್ಕೆ ದೂಡಿದರೆ ಹೃದಯ ನಿಲ್ಲುತ್ತದೆ, ತಿದ್ದಿಕೊಳ್ಳಲು ಸಮಯ ಸಿಗುವುದಿಲ್ಲ. ನೋಡಲು ಪಕ್ಕದ ಡಿಸ್ಟಿಲ್ಡ್ ವಾಟರಿನ ಆಂಪೂಲಿನ ಹಾಗೇ ಇರುತ್ತದೆ. ಅದಕ್ಕೇ ಅನೇಕ ದೇಶಗಳಲ್ಲಿ ಇದನ್ನು ವಾರ್ಡಿನ ಟ್ರೇಯಿಂದಲೇ ತೆಗೆದು ಔಷಧಾಲಯದಲ್ಲಿ ಬೀಗ ಹಾಕಿಟ್ಟಿದ್ದಾರೆ. ನಮ್ಮಲ್ಲಿ ಟ್ರೇಯಲ್ಲೇ ಇದ್ದರೆ ಪ್ರತ್ಯೇಕ ಡಬ್ಬಿ, ಕೆಂಪು ಚೀಟಿ, ಇಬ್ಬರ ಕಣ್ಣು ಬೇಕು. ಮೊದಲು ಮೂತ್ರ ಹೋಗುತ್ತಿದೆಯೇ ನೋಡಿ. ಬಾಟಲಿಗೆ ಹಾಕಿದ ಮೇಲೆ ತಲೆಕೆಳಗು ಮಾಡಿ ಚೆನ್ನಾಗಿ ಬೆರೆಸಿ, ತೂಗುಹಾಕಿದ ಬಾಟಲಿಗೆ ಸೇರಿಸಿದರೆ ಔಷಧ ತಳದಲ್ಲೇ ನಿಂತು ಮೊದಲು ಅದೇ ಹೋಗುತ್ತದೆ. ಸಾಮಾನ್ಯ ವಾರ್ಡಿನಲ್ಲಿ, ಕೈಯ ನರದಲ್ಲಿ, ತಾಸಿಗೆ 10 ಮಿಲಿಇಕ್ವಿವಲೆಂಟ್ ಮೀರಬಾರದು. ಇದರ ಇನ್ನೊಂದು ಮಗ್ಗುಲು ಡಯಾಲಿಸಿಸ್ ರೋಗಿಗಳು. ಬಿಸಿಲಿಗೆ ತಂಪು ಎಂದು ಯಾರೋ ಪ್ರೀತಿಯಿಂದ ಎಳನೀರು ತಂದುಕೊಡುತ್ತಾರೆ. ಎಳನೀರಿನಲ್ಲಿ ಲೀಟರಿಗೆ 50 ಮಿಲಿಇಕ್ವಿವಲೆಂಟಿನ ಆಸುಪಾಸು ಪೊಟ್ಯಾಸಿಯಂ, ಅಂದರೆ ಓಆರ್‌ಎಸ್‌ಗಿಂತ ಎರಡೂವರೆ ಪಟ್ಟು. ಮೂತ್ರಪಿಂಡ ಸರಿ ಇದ್ದವರಿಗೆ ಅದು ಅಮೃತ, ಇಲ್ಲದವರಿಗೆ ಎರಡು ಎಳನೀರು ಕೊನೆಯದಾಗಬಹುದು. ಬಿಪಿಗೆ ಒಳ್ಳೆಯದೆಂದು ಮಾರುವ ಸೋಡಿಯಂ ಕಡಿಮೆಯ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡೇ ಇರುತ್ತದೆ.

ಮೆಗ್ನೀಸಿಯಂ ಹೆರಿಗೆ ವಾರ್ಡಿನ ಮಾತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಕರ್ನಾಟಕ ಮೆಡಿಕಲ್ ಕಾಲೇಜು, ಜನರ ಬಾಯಲ್ಲಿ ಇನ್ನೂ ಕಿಮ್ಸ್, ಅಲ್ಲಿಗೆ ಹಾವೇರಿ, ಗದಗ, ಉತ್ತರ ಕನ್ನಡಗಳಿಂದ ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಯರು ಆಂಬುಲೆನ್ಸಿನಲ್ಲಿ ಬರುತ್ತಾರೆ. ಅವರಿಗೆ ಮದ್ದು ಮೆಗ್ನೀಸಿಯಂ ಸಲ್ಫೇಟ್. ಪ್ರಿಚರ್ಡ್ ಕ್ರಮದಲ್ಲಿ ಮೊದಲ ಡೋಸ್ 14 ಗ್ರಾಂ: ನಾಲ್ಕು ನರಕ್ಕೆ, ಐದೈದು ಎರಡೂ ಪೃಷ್ಠಗಳಿಗೆ. ಆಮೇಲೆ ನಾಲ್ಕು ತಾಸಿಗೊಮ್ಮೆ ಐದು. ಪ್ರತಿ ಡೋಸಿನ ಮುಂಚೆ ಸಿಸ್ಟರ್ ಮೂರನ್ನು ನೋಡಬೇಕು: ಮೊಣಕಾಲಿನ ಕೆಳಗೆ ತಟ್ಟಿದರೆ ಕಾಲು ಜಿಗಿಯುತ್ತದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲವೇ, ಮೂತ್ರ ತಾಸಿಗೆ 30 ಮಿಲಿ ಬರುತ್ತಿದೆಯೇ. ರಕ್ತದಲ್ಲಿ ಮೆಗ್ನೀಸಿಯಂ 10 ಮಿಲಿಇಕ್ವಿವಲೆಂಟ್ ಮುಟ್ಟುವ ಹೊತ್ತಿಗೆ ಮೊಣಕಾಲಿನ ಜಿಗಿತ ನಿಲ್ಲುತ್ತದೆ, 12 ದಾಟಿದರೆ ಉಸಿರು ನಿಲ್ಲುತ್ತದೆ. ಈ ಎರಡರ ನಡುವೆ ದೇವರು ಇಟ್ಟ ಸ್ವಲ್ಪ ಜಾಗವಿದೆ, ಅದನ್ನು ಹಿಡಿಯಲು ಲ್ಯಾಬ್ ಬೇಡ, ರಬ್ಬರಿನ ಸುತ್ತಿಗೆ ಸಾಕು. ಸುತ್ತಿಗೆ ಇಲ್ಲದಿದ್ದರೆ ಅಂಗೈಯ ಅಂಚು. ಪಕ್ಕದಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್ ಇರಲಿ. ಇಲ್ಲೂ ಹಾಳೆ ಬಂತು ನೋಡಿ: ತಾಲೂಕು ಆಸ್ಪತ್ರೆಯವರು ಮೊದಲ ಡೋಸ್ ಕೊಟ್ಟು ರೆಫರಲ್ ಚೀಟಿಯಲ್ಲಿ ಬರೆಯದಿದ್ದರೆ ಹುಬ್ಬಳ್ಳಿಯಲ್ಲಿ ಇನ್ನೊಮ್ಮೆ 14 ಗ್ರಾಂ ಬೀಳುತ್ತದೆ.

ಧಾರವಾಡದಲ್ಲಿ ನಿಂತು ಡಿಮ್ಹಾನ್ಸ್ ಬಿಟ್ಟು ಮಾತಾಡಲಾಗದು. ಮಾನಸಿಕ ಆಸ್ಪತ್ರೆಗೂ ಉಪ್ಪು-ನೀರಿಗೂ ಏನು ಸಂಬಂಧ ಎನ್ನಬೇಡಿ. ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರಿಗೆ ಬೇಸಿಗೆಯಲ್ಲಿ ಬೆವರಿ, ಭೇದಿಯಾಗಿ ಸೋಡಿಯಂ ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೈ ನಡುಗುತ್ತದೆ, ನಡೆ ತಪ್ಪುತ್ತದೆ, ಕಾಯಿಲೆ ಕೆರಳಿತು ಎಂದು ಮನೆಯವರು ತಿಳಿಯುತ್ತಾರೆ. ಇನ್ನೊಂದು ಬಗೆ ವಯಸ್ಸಾದವರದು. ಬಿಪಿಗೆಂದು ಮೂತ್ರ ಇಳಿಸುವ ಗುಳಿಗೆ, ಡಾಕ್ಟರು ಹೇಳಿದರೆಂದು ಉಪ್ಪಿಲ್ಲದ ಊಟ, ಬಿಸಿಲೆಂದು ದಿನಕ್ಕೆ ನಾಲ್ಕು ತಂಬಿಗೆ ನೀರು. ಒಂದು ವಾರದಲ್ಲಿ ಅಜ್ಜಿ ಏನೇನೋ ಮಾತಾಡತೊಡಗುತ್ತಾಳೆ. "ಅರಳು-ಮರಳು ಆಗೇತಿ" ಎಂದು ಕರೆತರುತ್ತಾರೆ. ಸೋಡಿಯಂ ಇರಬೇಕಾದ 135ರ ಬದಲು 112 ಇರುತ್ತದೆ. ಅದನ್ನು ಅವಸರದಿಂದ ಏರಿಸಲೂ ಬಾರದು, 24 ತಾಸಿನಲ್ಲಿ ಎಂಟರಷ್ಟು ಏರಿದರೆ ಸಾಕು. ಅವಸರ ಮಾಡಿದರೆ ಮಿದುಳಿನ ಕಾಂಡಕ್ಕೆ ತಿದ್ದಲಾಗದ ಪೆಟ್ಟು ಬೀಳಬಹುದು. ಇಲ್ಲಿ ನರ್ಸ್ ಮಾಡುವ ಮೊದಲ ಕೆಲಸ ಗುಳಿಗೆಯ ಚೀಲವನ್ನು ಮೇಜಿನ ಮೇಲೆ ಸುರಿಸಿ ನೋಡುವುದು.

ನಾವು ಇಷ್ಟೆಲ್ಲ ಲೆಕ್ಕವಿಟ್ಟರೂ ಬಾಟಲಿಯೇ ಕೆಟ್ಟರೆ? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ರಿಂಗರ್ ಲ್ಯಾಕ್ಟೇಟ್ ಮೇಲೆ ಸಂಶಯ ಬಂತು, ಅದರ ಬಳಕೆಯನ್ನು ರಾಜ್ಯದಲ್ಲಿ ನಿಲ್ಲಿಸಲಾಯಿತು. ವಾರ್ಡಿನ ಸಿಸ್ಟರ್ ಬಾಟಲಿಯನ್ನು ಬೆಳಕಿಗೆ ಹಿಡಿದು ತೇಲುವ ಕಣ, ಬಿರುಕು, ತಾರೀಖು ನೋಡಬಲ್ಲಳು. ಕಣ್ಣಿಗೆ ಕಾಣದ ವಿಷವನ್ನು ಅವಳು ನೋಡಲಾರಳು. ಆದರೆ ಬ್ಯಾಚ್ ನಂಬರನ್ನು ಹಾಳೆಯಲ್ಲಿ ಬರೆದಿದ್ದರೆ, ಮೊದಲ ರೋಗಿಗೆ ಚಳಿ ನಡುಕ ಬಂದಾಗಲೇ ಎರಡನೆಯವಳ ಬಾಟಲಿಯನ್ನು ತೆಗೆದಿಡಬಹುದು. ಆ ಕಾಲಂ ನಮ್ಮ ಎಷ್ಟು ಚಾರ್ಟುಗಳಲ್ಲಿ ಇದೆ?

ಹಾಳೆ ಬರೆಯದ ಸಿಸ್ಟರನ್ನು ಬೈದದ್ದಾಯಿತು, ಅವಳ ಪರವಾಗಿಯೂ ಒಂದು ಮಾತು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು. ಈ ಅಂಕಿಯನ್ನು ಓದಿ ನಗದ ಸಿಸ್ಟರನ್ನು ನಾನು ಕಂಡಿಲ್ಲ. ರಾತ್ರಿ ಪಾಳಿಯಲ್ಲಿ ವಾರ್ಡು ತುಂಬ ರೋಗಿಗಳು, ಒಬ್ಬಳು ಅಥವಾ ಇಬ್ಬರು, ನಡುವೆ ಎರಡು ಅಡ್ಮಿಶನ್, ಒಂದು ಸಾವು. ಅವಳು ಯಾವ ಮಂಚದ ಮೂತ್ರ ಅಳೆದಾಳು? ಹಾಳೆಯಲ್ಲಿ ಸುಳ್ಳು ಅಂಕಿ ಹುಟ್ಟುವುದು ಇಲ್ಲಿಯೇ. ನೇಮಕಾತಿಯ ಕಡತಗಳನ್ನು ನೋಡುವವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಇಷ್ಟನ್ನು ಬರೆದುಕೊಳ್ಳಲಿ.

ನೇಮಕಾತಿ ಆಗುವ ತನಕ ಏನು ಮಾಡುವುದು? ನಮ್ಮ ಊರಿನಲ್ಲಿ ರೋಗಿ ಒಬ್ಬನೇ ಬರುವುದಿಲ್ಲ. ಅಣ್ಣ, ಅತ್ತಿಗೆ, ಅವ್ವ, ಓಣಿಯವರು, ಬುತ್ತಿಗಂಟು ಎಲ್ಲ ಬರುತ್ತವೆ. ಬನಗಾಂವ್‌ನಲ್ಲಿ ಚಮಚ ಹಿಡಿದ ಕೈಗಳು ಇಂಥವರವೇ. ಅವರಿಗೆ ಓದಲು ಬಾರದಿದ್ದರೂ ಗೆರೆ ಎಳೆಯಲು ಬರುತ್ತದೆ. ಆದ್ದರಿಂದ ದತ್ತಿಯ ಹಿರಿಯರ ಮುಂದೆ ಒಂದು ಬೇಡಿಕೆ. ಮುಂದಿನ ವರ್ಷದ ಬಡ್ಡಿಯಲ್ಲಿ ಉಪನ್ಯಾಸಕರಿಗೆ ಶಾಲು-ಹಾರ ಬೇಡ. ಒಂದು ಬದಿಗೆ ಲೋಟದ ಚಿತ್ರ, ಇನ್ನೊಂದು ಬದಿಗೆ ಅಳತೆ ಗುರುತಿನ ಡಬ್ಬಿಯ ಚಿತ್ರ, ನಡುವೆ ತಾಸಿನ ಮನೆಗಳು, ಕೆಳಗೆ ಬಾಟಲಿಯ ಬ್ಯಾಚ್ ನಂಬರಿಗೆ ಜಾಗ, ಇಷ್ಟಿರುವ ಕನ್ನಡದ ಹಾಳೆಯನ್ನು ಅಚ್ಚು ಹಾಕಿಸಿ ಅವಳಿ ನಗರದ ವಾರ್ಡುಗಳಿಗೆ ಹಂಚೋಣ. ಲೋಟ 200 ಮಿಲಿಯದು ಎಂದು ಗೊತ್ತುಮಾಡಿದರೆ ಐದು ಗೆರೆಗೆ ಒಂದು ಲೀಟರ್. ಪಾಳಿ ಬದಲಾಗುವಾಗ ಸಿಸ್ಟರ್ ಅದನ್ನು ಕೂಡಿಸಿ ಕೇಸ್ ಶೀಟಿಗೆ ಇಳಿಸಿಕೊಳ್ಳಲಿ. ನಮೂನೆಯ ಕರಡು ನನ್ನ ಚೀಲದಲ್ಲಿದೆ. ಚಹಾದ ಹೊತ್ತಿನಲ್ಲಿ ಎರಡನೇ ವರ್ಷದ ಹುಡುಗಿಯರು ಅದನ್ನು ನೋಡಿ ತಿದ್ದಿಕೊಡಬೇಕು.